ದಳವಾಯಿ ಹೊರೆಗಲ್ಲಿನ ಮೇಲೆ ಮಲಗಿದ್ದು

"ಗಡಿಯ ಉತ್ತನೂರು ದೂರವೇ? ಬಾಯಿಗೆ ಹಾಕಿದ ಎಲೆಯಡಿಕೆ ಅಗಿದು ಉಗುಳುವಷ್ಟರಲ್ಲಿ ಅಲ್ಲಿಂದ ಇಲ್ಲಿಗೆ ಬಂದುಬಿಡಬಹುದು!" ಎಂದು ದಳವಾಯಿ ಲಿಂಗರಸ ರಾಜಧಾನಿ ಹಾಲುಗುಂದದ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಯಾರೂ ಅಲ್ಲವೆನ್ನಲಿಲ್ಲ. ಅವನು ಬರೀ ದಳವಾಯಿಯಲ್ಲ, ರಾಜ ಕೆಂಚನಾಯಕನ ಹೆಂಡತಿಯ ತಮ್ಮ. ರಾಜನ ಹೊಟ್ಟೆನೋವಿಗೆ ಮದ್ದುಂಟು, ಭಾವಮೈದುನನಿಗೆ ಮದ್ದಿಲ್ಲ ಎಂದು ಜನ ಮನೆಬಾಗಿಲು ಹಾಕಿಕೊಂಡು ಆಡಿಕೊಳ್ಳುತ್ತಿದ್ದರು.

ಮಾತು ಎದ್ದದ್ದು ಆಸ್ಪತ್ರೆಯದು. ಆಗ ಅದಕ್ಕೆ ವೈದ್ಯಶಾಲೆ ಎನ್ನುತ್ತಿದ್ದರು, ನಾವು ಆಸ್ಪತ್ರೆ ಎಂದೇ ಅನ್ನೋಣ. ಗಡಿಯ ಏಳೂರಿನವರು ಸೂಲಗಿತ್ತಿ ಮಲ್ಲವ್ವನನ್ನು ಮುಂದೆ ಮಾಡಿಕೊಂಡು ಬಂದಿದ್ದರು.

"ಬುದ್ಧೀ, ನಮ್ ಏಳೂರಿಗೆ ಒಬ್ಬ ವೈದ್ಯ ಇಲ್ಲ," ಎಂದಳು ಮಲ್ಲವ್ವ. "ಕಾಯ್ಲೆ ಬಿದ್ರೆ ಕಂಬ್ಳಿಗೆ ಬೊಂಬು ಕಟ್ಟಿ ಡೋಲಿ ಮಾಡಿ, ಬೆಳಗಿಂದ ಸಂಜೆಗಂಟ ಹೊತ್ಕೊಂಡು ಇಲ್ಲಿಗೇ ಬರ್ಬೇಕು. ಈ ವರ್ಸ ಮೂರು ಬಸುರೀರು ದಾರೀಲೇ ಹೋದ್ರು. ಮೂರ್ನೇದು ನನ್ ಮಗಳು."

ಆಸ್ಥಾನದಲ್ಲಿ ಎಲ್ಲರನ್ನೂ ನಗಿಸುವ ವಿದೂಷಕ ದೇಪಣ್ಣ ಎದ್ದು ಅವಳಿಗೆ ತನ್ನ ಮಣೆ ಕೊಟ್ಟ. ರಾಜನಿಗೂ ಮನಸ್ಸು ಕರಗಿತು.

"ಏಳೂರೂ ಸೇರಿ ಒಂದು ಆಸ್ಪತ್ರೆ ಸೀಮೆಯಾಗಲಿ. ಅದನ್ನು ನೋಡಿಕೊಳ್ಳಲು ಒಂದು ಮಂಡಳಿಯಾಗಲಿ. ಎಲ್ಲಿ ಕಟ್ಟೋಣ?" ಎಂದ.

ಕೇಳಿದ್ದೇ ತಪ್ಪಾಯಿತು. ಏಳು ಊರಿನ ಏಳು ಗೌಡರೂ "ನಮ್ಮೂರಲ್ಲಿ!" ಎಂದು ಎದ್ದು ನಿಂತರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಇಲ್ಲಿ ಎಳೆಯುವವರು ಏಳು ಮಂದಿ. ಲಿಂಗರಸನಂತೂ ಎಲ್ಲರಿಗಿಂತ ಗಟ್ಟಿಯಾಗಿ, "ರಾಜಧಾನಿಯಲ್ಲೇ ಆಗಲಿ, ನಮ್ಮ ಮನೆಯ ಹಿಂದೆ ಕುದುರೆಲಾಯ ಖಾಲಿಯಿದೆ. ಮಂಡಳಿಗೆ ನಾನೇ ಯಜಮಾನ," ಎಂದ. ಆಮೇಲೆ ಬಂದದ್ದೇ ಆ ಎಲೆಯಡಿಕೆಯ ಮಾತು.

ರಾಜ ತಲೆ ಹಿಡಿದುಕೊಂಡು ದೇಪಣ್ಣನ ಕಡೆ ತಿರುಗಿದ.

"ಏಳು ಗೌಡರೂ ಒಪ್ಪಬೇಕು, ನನ್ನ ಭಾವಮೈದುನನೂ ಒಪ್ಪಬೇಕು. ಅಂಥ ಜಾಗ ಮೂರು ದಿನದಲ್ಲಿ ಹುಡುಕು. ಇಲ್ಲದಿದ್ದರೆ ನಿನ್ನ ಮೀಸೆ ಬೋಳಿಸುತ್ತೇನೆ!"

ದೇಪಣ್ಣನ ಮೀಸೆ ಅಂಥ ದೊಡ್ಡದೇನಲ್ಲ. ಆದರೆ ಅವನ ಪಿತ್ರಾರ್ಜಿತ ಆಸ್ತಿಯೆಲ್ಲ ಅದೊಂದೇ. ಒಂದು ಗಳಿಗೆ ಅದನ್ನು ಸವರಿಕೊಂಡು ಹೇಳಿದ:

"ಮಹಾಸ್ವಾಮಿ, ಅರಮನೆಯ ಅಡಿಗೆಯನ್ನು ಮೊದಲು ಭಟ್ಟನೇ ತಿಂದು ನೋಡುತ್ತಾನೆ, ಆಮೇಲೆ ನಿಮಗೆ ಬಡಿಸುತ್ತಾನೆ. ಆಸ್ಪತ್ರೆಯ ಯಜಮಾನರೂ ಹಾಗೇ ಮಾಡಲಿ. ದಳವಾಯಿಗಳು ನಾಡಿದ್ದು ಉತ್ತನೂರಿನಿಂದ ಡೋಲಿಯಲ್ಲಿ ಮಲಗಿ ಬರಲಿ. ಎಲೆಯಡಿಕೆ ಮುಗಿಯುವುದರೊಳಗೆ ಬಂದರೆ ಆಸ್ಪತ್ರೆ ಅವರ ಹಿತ್ತಲಲ್ಲೇ ಆಗಲಿ. ನನ್ನ ಮೀಸೆಯನ್ನು ನಾನೇ ಬೋಳಿಸಿಕೊಳ್ಳುತ್ತೇನೆ."

"ಮಲಗಿ ಬರುವುದೂ ಒಂದು ಕಷ್ಟವೇ!" ಎಂದು ಲಿಂಗರಸ ನಕ್ಕ.

"ಹೊರುವುದಕ್ಕೆ ಆಳುಗಳನ್ನು ಕರೆಸಲೇ?" ಎಂದ ದೇಪಣ್ಣ.

"ದಳವಾಯಿಯನ್ನು ಆಳುಗಳು ಹೊರುವುದೇ? ಈ ಗೌಡರೇ ಹೊರಲಿ!"

ದೇಪಣ್ಣ ಕೈಮುಗಿದ. ಅವನಿಗೆ ಬೇಕಾಗಿದ್ದದ್ದೂ ಅದೇ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ಮರುದಿನ ಎಲ್ಲರೂ ಉತ್ತನೂರು ಸೇರಿದರು. ಅದರ ಮರುದಿನ ಬೆಳಿಗ್ಗೆ ಡೋಲಿ ಊರು ಬಿಟ್ಟಿತು. ಚೈತ್ರದ ಬಿಸಿಲು. ನಾಲ್ವರು ಗೌಡರು ಹೊತ್ತರೆ ಮೂವರು ಹೆಗಲು ಬದಲಿಸಲು ಜೊತೆಗೆ. ಮಲ್ಲವ್ವ ದಾರಿ ತೋರಿಸುತ್ತ ಮುಂದೆ, ದೇಪಣ್ಣ ಶಾನುಭೋಗರೊಡನೆ ಹಿಂದೆ. ಲಿಂಗರಸನದು ತುಪ್ಪ ಉಂಡು ಬೆಳೆದ ದೇಹ. ಕಂಬಳಿಯೊಳಗೆ ಅವನು ಮಡಚಿಕೊಂಡು, ಕುಲುಕಾಡಿ, ಬೆವೆತು, ಊರ ಕೆರೆ ದಾಟುವ ಮುಂಚೆಯೇ ಎಲೆಯಡಿಕೆ ಉಗುಳಿಬಿಟ್ಟ.

"ಇಳಿಸ್ರೋ! ಸೊಂಟ ಮುರೀತು!"

"ಇಳ್ಸೋ ಹಂಗಿಲ್ಲ ಬುದ್ಧಿ," ಎಂದಳು ಮಲ್ಲವ್ವ. "ನಮ್ ಕಡೆ ದಾರಿ ಮಧ್ಯ ನೆಲಕ್ಕಿಳ್ಸೋದು ಹೆಣದ ಚಟ್ಟಾನೇ. ನೀವಿನ್ನೂ ಜೀವಂತ ಇದ್ದೀರಲ್ಲ!"

"ಹಾಗಾದ್ರೆ ಎಲ್ಲಿ ಇಳಿಸ್ತೀರಿ?"

"ಹೊರೆಗಲ್ಲು ಬರ್ಲಿ."

ಹೊರೆಗಲ್ಲೆಂದರೆ ಹೆಗಲೆತ್ತರದ ಎರಡು ಕಂಬದ ಮೇಲೆ ಒಂದು ಚಪ್ಪಡಿ. ಹೊರೆ ಹೊತ್ತವರು ದಣಿವಾರಿಸಿಕೊಳ್ಳಲೆಂದು ಯಾರೋ ಪುಣ್ಯಾತ್ಮರು ನಿಲ್ಲಿಸಿದ್ದು. ಅದು ಇದ್ದದ್ದು ಏಳೂರಿನ ದಾರಿಗಳೆಲ್ಲ ಕೂಡುವ ಆಲದ ಮರದ ಕೆಳಗೆ.

ಅಲ್ಲಿಗೆ ಮುಟ್ಟುವಾಗ ಸೂರ್ಯ ನೆತ್ತಿಗೆ ಬಂದಿದ್ದ. ಜನ್ಮದಲ್ಲಿ ಒಂದು ಕೊಡ ನೀರೂ ಹೊರದ ಗೌಡರು ದಳವಾಯಿಯನ್ನು ಚಪ್ಪಡಿಯ ಮೇಲೆ ಮಲಗಿಸಿ ತಾವು ಬೇರುಗಳ ಮೇಲೆ ಬಿದ್ದುಕೊಂಡರು. ಮಲ್ಲವ್ವ ಮಾತ್ರ ನಿಂತೇ ಇದ್ದಳು. ಅವಳ ಮಗಳ ಡೋಲಿಯೂ ಇಲ್ಲಿಯವರೆಗೆ ಬಂದಿತ್ತು, ಜೀವ ಇದ್ದಾಗಲೇ. ದೇಪಣ್ಣನಿಗೆ ಅದು ಗೊತ್ತಿತ್ತು. ಅವಳ ಮುಖ ನೋಡಲಾರದೆ ಅವನು ಲಿಂಗರಸನ ಕಿವಿಯ ಹತ್ತಿರ ಬಗ್ಗಿದ.

"ದಳವಾಯಿಗಳೇ, ಏಳಿ. ಇನ್ನೂ ಅರ್ಧ ದಾರಿ ಉಳಿದಿದೆ."

"ಒಂದು ಹೆಜ್ಜೆಯೂ ಬೇಡ! ವೈದ್ಯ ಇಲ್ಲಿಗೇ ಬರಲಿ! ಮದ್ದೂ ಇಲ್ಲಿಗೇ ಬರಲಿ! ನನ್ನನ್ನು ಇಲ್ಲಿಂದ ಎತ್ತಿದವರ ತಲೆ ತೆಗೆಸುತ್ತೇನೆ!"

"ಗೌಡರೇ, ನೀವೇನಂತೀರಿ?"

"ಇಲ್ಲೇ! ಇಲ್ಲೇ!" ಎಂದರು ಏಳೂ ಮಂದಿ, ಮಲಗಿದಲ್ಲಿಂದಲೇ.

"ಬರೆದುಕೊಂಡಿರಾ ಶಾನುಭೋಗರೇ? ಕೆಳಗೆ ದಳವಾಯಿಗಳ ರುಜು ಹಾಕಿಸಿ. ರುಜು ಹಾಕಿದರೆ ಮನೆಗೆ ಕುದುರೆ ತರಿಸೋಣ."

ಲಿಂಗರಸ ಓದದೆಯೇ ರುಜು ಹಾಕಿದ.

ಮರುದಿನ ಸಭೆಯಲ್ಲಿ ಸೊಂಟಕ್ಕೆ ಎಣ್ಣೆ ಬಟ್ಟೆ ಸುತ್ತಿಕೊಂಡೇ ಅವನು ಕೊನೆಯ ಪಟ್ಟು ಹಾಕಿದ. "ಜಾಗ ಹೋದರೆ ಹೋಯಿತು, ಮಂಡಳಿಯ ಯಜಮಾನ ಮಾತ್ರ ನಾನೇ."

"ಅಗತ್ಯವಾಗಿ," ಎಂದ ದೇಪಣ್ಣ. "ಒಂದೇ ಕಟ್ಟಳೆ. ಯಜಮಾನರು ವರ್ಷಕ್ಕೊಮ್ಮೆ ಚೈತ್ರದಲ್ಲಿ ಉತ್ತನೂರಿನಿಂದ ಡೋಲಿಯಲ್ಲಿ..."

ಮಾತು ಮುಗಿಯುವುದರೊಳಗೆ ಲಿಂಗರಸನಿಗೆ ಗಡಿಯಲ್ಲಿ ತುರ್ತು ಕೆಲಸ ನೆನಪಾಯಿತು.

ರಾಜ ಹೊಟ್ಟೆ ಹಿಡಿದು ನಕ್ಕ. ಮಲ್ಲವ್ವ ಯಜಮಾನಿತಿಯಾದಳು. ಊರಿಗೊಬ್ಬರಂತೆ ಏಳು ಜನ ಮಂಡಳಿಗೆ ಬಂದರು, ಎಲ್ಲರೂ ಒಮ್ಮೆಯಾದರೂ ಡೋಲಿಗೆ ಹೆಗಲು ಕೊಟ್ಟವರೇ ಆಗಿರಬೇಕೆಂಬುದು ಕಟ್ಟಳೆ. ಹೆಗಲು ಇನ್ನೂ ಊದಿಕೊಂಡಿದ್ದ ಗೌಡರೇ ಆ ಕಟ್ಟಳೆಗೆ ಮೊದಲು ತಲೆಯಾಡಿಸಿದರು.

"ದೇಪಣ್ಣಾ, ನಿನಗೇನು ಬೇಕೋ ಕೇಳು!" ಎಂದ ರಾಜ.

"ನಿಮ್ಮ ಪಲ್ಲಕ್ಕಿ ಕೊಡಿ ಮಹಾಸ್ವಾಮಿ. ಇನ್ನು ಮುಂದೆ ಏಳೂರಿನ ಬಸುರಿಯರು ಅದರಲ್ಲಿ ಬರಲಿ."

ರಾಜನ ನಗು ಅರ್ಧಕ್ಕೆ ನಿಂತಿತು. "ಪಲ್ಲಕ್ಕಿ ಕೊಟ್ಟರೆ ನಾನು ನಡೆಯಬೇಕಲ್ಲೋ!"

"ನಡೆಯಿರಿ ಪ್ರಭು," ಎಂದ ದೇಪಣ್ಣ, ಉಳಿಸಿಕೊಂಡ ಮೀಸೆಯನ್ನು ತಿರುವುತ್ತ. "ಮಲ್ಲವ್ವನ ಆಸ್ಪತ್ರೆಯಲ್ಲಿ ಜಾಗ ಕಡಿಮೆ. ನಡೆಯುವ ರಾಜರು ಕಾಯಿಲೆ ಬಿದ್ದು ಅಲ್ಲಿಗೆ ಬರುವುದು ಅಪರೂಪ."