ಹೇಮಕ್ಕನ ಕೀಲಿಮಣೆ

ಮಲಪ್ರಭೆಯ ದಂಡೆಯ ಮೇಲೆ ಸಣ್ಣದೊಂದು ಆಶ್ರಮ. ಅಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ, ಒಂದು ಹಳೆಯ ಕಂಪ್ಯೂಟರ್.

ಗುರುಗಳನ್ನು ಸುತ್ತಲಿನವರೆಲ್ಲ ಅಜ್ಜಾರು ಎನ್ನುತ್ತಿದ್ದರು. ಶಿಷ್ಯ ಮೌನೇಶ ಬಡಿಗರ ಮನೆಯವನು, ವಯಸ್ಸು ನಲವತ್ತರ ಹತ್ತಿರ. ಕಂಪ್ಯೂಟರ್ ಮಾತ್ರ ಹೇಮಕ್ಕನದು.

ಹೇಮಕ್ಕ ಅಜ್ಜಾರ ತಂಗಿ. ಹನ್ನೊಂದು ವರ್ಷ ಹೊಳೆಸಾಲಿನ ಊರುಗಳನ್ನು ಸುತ್ತಿದವಳು. ಮುದುಕಿಯರಿಂದ ಬೀಸುವ ಹಾಡುಗಳನ್ನು ಕಲಿತು, ಬೀಸುಕಲ್ಲಿನ ಮುಂದೆ ಕೂತು ತಾನೇ ಹಾಡಿ, ಮೌನೇಶನಿಂದ ರೆಕಾರ್ಡ್ ಮಾಡಿಸಿ, ಸಾಲುಗಳನ್ನೂ ಟೈಪ್ ಮಾಡಿ, ಯಂತ್ರದಲ್ಲಿ ತುಂಬಿಟ್ಟಿದ್ದಳು. ಮುನ್ನೂರ ಹದಿನಾಲ್ಕು ಹಾಡು. ಕಲಿಸಿದ ಮುದುಕಿಯರಲ್ಲಿ ಹೆಚ್ಚಿನವರು ಈಗಿಲ್ಲ.

ಈ ಶ್ರಾವಣದಲ್ಲಿ ಹೇಮಕ್ಕನೂ ತೀರಿಕೊಂಡಳು. ಯಂತ್ರಕ್ಕೆ ಏರಿಸದೆ ಉಳಿದ ಐವತ್ತೆರಡು ಹಾಡು ಅವಳ ನೋಟ್‌ಬುಕ್ಕಿನಲ್ಲೇ ಉಳಿದವು.

ಅಂದಿನಿಂದ ಅಜ್ಜಾರು ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಮೌನೇಶ ಮಾತ್ರ ದಿನಾ ಬೆಳಿಗ್ಗೆ ಒಳಗೆ ಹೋಗಿ ಒಂದು ಹಾಡು ಕೇಳಿ ಬರುತ್ತಿದ್ದ. ಅಜ್ಜಾರಿಗೆ ನೋವಾದೀತೆಂದು ಕಿಟಕಿ ಮುಚ್ಚಿಕೊಳ್ಳುತ್ತಿದ್ದ.

ದಸರೆಯ ಬನ್ನಿ ಹಬ್ಬದ ಮರುದಿನ ಯಂತ್ರ ಏಳಲಿಲ್ಲ.

ಗುಂಡಿ ಒತ್ತಿದರೆ ಫ್ಯಾನ್ ತಿರುಗಿತು, ಪರದೆ ಬೆಳಗಿತು. ಆದರೆ ಎಂದಿನ ಚಿತ್ರ ಬರಲಿಲ್ಲ. ನೀಲಿ ಪುಟದ ತುಂಬ ಬಿಳಿ ಇಂಗ್ಲಿಷ್ ಅಕ್ಷರ. ಒಳಗಿನಿಂದ ಪೀಂ ಪೀಂ ಎಂಬ ಸದ್ದು. ಆರಿಸಿ ಮತ್ತೆ ಹಚ್ಚಿದ. ಅದೇ ನೀಲಿ ಪುಟ, ಅದೇ ಸದ್ದು.

ಅವನು ಪೇಟೆಯ ರಿಪೇರಿಯವನಿಗೆ ಫೋನ್ ಮಾಡಿದ. ಆಮೇಲೆ ಕಿಟಕಿ ತೆರೆದ.

ಅಜ್ಜಾರು ಹೊರಗಿನ ಕಟ್ಟೆಯ ಮೇಲೆ ಕುಳಿತು ಹಸಿ ಶೇಂಗಾ ಬಿಡಿಸುತ್ತಿದ್ದರು.

“ಅಜ್ಜಾರ, ಕಂಪ್ಯೂಟರ್ ಏಳವಲ್ದು.”

“ಎಬ್ಬಿಸಿದೇನು?”

“ಎಂಟು ಸಲ ಎಬ್ಬಿಸಿದೆ.”

“ಎಂಟು ಥರಾ ಎಬ್ಬಿಸಿದ್ಯೋ, ಒಂದ ಥರಾ ಎಂಟು ಸಲ ಎಬ್ಬಿಸಿದ್ಯೋ?”

“ಒಂದ ಥರಾರೀ.”

ಅಜ್ಜಾರು ಒಂದು ಕಾಯಿ ಒಡೆದರು. “ಹಂಗಾದ್ರ ಒಂದ ಸಲ ಎಬ್ಬಿಸಿದಂಗಾತು.”

ಮೌನೇಶನಿಗೆ ನಗು ಬರಲಿಲ್ಲ. “ರಿಪೇರಿಯವ್ನನ್ನ ಕೇಳಿದೆ. ಒಳಗ ಇದ್ದದ್ದೆಲ್ಲಾ ಅಳಿಸಿ ಹೊಸದಾಗಿ ಹಾಕಿದ್ರ ಏಳತೈತಿ ಅಂದ. ಹನ್ನೆರಡೂವರಿ ಬಸ್ಸಿಗೆ ಬರ್ತಾನಂತ. ನಿಮ್ಮನ್ನ ಕೇಳಿ ಹೇಳ್ತೀನಿ ಅಂದೀನಿ.”

“ಇದ್ದದ್ದೆಲ್ಲಾ ಅಂದ್ರ?”

“ಅಕ್ಕಾರ ಹಾಡೂ ಹೋಗ್ತಾವ್ರಿ.”

“ಇನ್ನೊಂದು ಕಡೆ ಇಟ್ಟಿಲ್ಲೇನು?”

“ಇಡು ಅಂತ ಅಕ್ಕಾರು ಹೇಳಿದ್ರು. ನಾಳೆ ಇಡ್ತೀನಿ ಅಂದಿದ್ದೆ.”

ಅಜ್ಜಾರು ಬೈಯಲಿಲ್ಲ. ಕಾಳನ್ನು ಬುಟ್ಟಿಗೆ ಹಾಕಿ, ಸಿಪ್ಪೆಯನ್ನು ಕೆಳಗೆ ಉದುರಿಸಿದರು.

“ತಗಿಯೋದು ಬ್ಯಾರೆ, ಅಳಿಸೋದು ಬ್ಯಾರೆ. ತಗದದ್ದನ್ನ ತಿರುಗಿ ಇಡಬಹುದು. ಅಳಿಸಿದ್ದನ್ನ ಎಲ್ಲಿಂದ ತರ್ತಿ? ಮೊದಲ ತಗದು ನೋಡು.”

“ಏನು ತಗೀಲ್ರಿ?”

“ಮೂರ್ಛೆ ಬಿದ್ದವರನ್ನ ಕಂಡ್ರ ಏನು ಮಾಡ್ತಿ?”

“ಮಾರಿಗೆ ನೀರು ಹೊಡೀತೀನ್ರಿ.”

“ಅದಕ್ಕೂ ಮೊದಲ?”

“ಸುತ್ತ ನಿಂತ ಮಂದೀನ್ನ ಸರಸ್ತೀನ್ರಿ. ಗಾಳಿ ಆಡ್ಲಿ ಅಂತ.”

“ಹೋಗು, ಸರಸು.”

ಮೌನೇಶ ಯಂತ್ರದ ಹಿಂದೆ ಬಗ್ಗಿದ. ಅಲ್ಲಿ ವೈರುಗಳ ದೊಡ್ಡ ಸಂತೆಯೇ ನೆರೆದಿತ್ತು. ಎಲ್ಲವನ್ನೂ ಒಟ್ಟಿಗೆ ಹಿಡಿದು ಎಳೆಯಲು ಹೋದ.

“ಒಂದೊಂದಾ ತಗೀಬೇಕು,” ಎಂದರು ಅಜ್ಜಾರು ಹೊರಗಿನಿಂದಲೇ. “ಇಲ್ಲಂದ್ರ ಉಸಿರಿಗೆ ಅಡ್ಡ ನಿಂತವರು ಯಾರಂತ ಗೊತ್ತಾಗಂಗಿಲ್ಲ.”

ಮೌನೇಶ ಪ್ರಿಂಟರಿನ ವೈರು ಬಿಡಿಸಿ ಗುಂಡಿ ಒತ್ತಿದ. ನೀಲಿ ಪುಟ.

“ಪ್ರಿಂಟರ್ ಅಲ್ರಿ.”

“ಛಲೋ ಆತು. ಒಬ್ಬಾಂವ ನಿರಪರಾಧಿ.”

ಇಂಟರ್ನೆಟ್ಟಿನ ಪೆಟ್ಟಿಗೆ ಬಿಡಿಸಿದ. ನೀಲಿ ಪುಟ. ಸ್ಪೀಕರ್ ಬಿಡಿಸಿದ. ಮೌಸ್ ಬಿಡಿಸಿದ. ಪ್ರತಿ ಸಲವೂ ಆರಿಸಿ, ಹತ್ತು ಎಣಿಸಿ, ಮತ್ತೆ ಹಚ್ಚಿದ. ಪೀಂ ಪೀಂ ನಿಲ್ಲಲಿಲ್ಲ.

“ಕಡೀಕ ಚಂದಾಗಿ ಎದ್ದದ್ದು ಯಾವಾಗ?” ಅಜ್ಜಾರು ಕೇಳಿದರು.

“ನವಮಿ ದಿನ ಮುಂಜಾನೆ. ಹಾಡು ಕೇಳಿದೆ, ಬಂದ್ ಮಾಡಿದೆ.”

“ಆಮ್ಯಾಲ ಏನಾತು?”

“ಏನೂ ಆಗಿಲ್ರಿ.”

“ಏನೂ ಆಗದಿದ್ರಾಗ ಏನೇನಾತು, ಅದನ್ನ ಹೇಳು.”

“ಕೋಣೆ ಕಸ ಹೊಡದೆ. ಆಯುಧ ಪೂಜೆ ಮಾಡಿದೆ. ನಮ್ಮ ಮನ್ಯಾಗ ಪೂಜೆ ಆದ ಮ್ಯಾಲ ಬನ್ನಿ ಮುಗಿಯೋ ತನಕ ಆಯುಧ ಮುಟ್ಟಂಗಿಲ್ರಿ. ಹಂಗಾಗಿ ನಾನೂ ಮುಟ್ಟಿಲ್ಲ. ಇವತ್ತ ಹಚ್ಚಿದ್ದು.”

“ಇನ್ನ ಯಾವುದು ಉಳೀತು?”

ಮೌನೇಶ ಮೇಜಿನತ್ತ ನೋಡಿದ. ಉಳಿದದ್ದು ಪರದೆ ಮತ್ತು ಕೀಲಿಮಣೆ.

ಆ ಕೀಲಿಮಣೆಯ ಮೇಲೆ ಹಲವು ಅಕ್ಷರಗಳು ಸವೆದುಹೋಗಿದ್ದವು. ‘ಎ’ ಅಂತೂ ಪೂರ್ತಿ ಮಾಯವಾಗಿತ್ತು. ಹೇಮಕ್ಕನ ಬೆರಳು ಆಡಿ ಆಡಿ ಅಲ್ಲಿ ಕನ್ನಡಿಯಂಥ ಹೊಳಪು ಬಂದಿತ್ತು. ನವಮಿಯ ದಿನ ಮೌನೇಶ ಅದಕ್ಕೇ ಎಲ್ಲಕ್ಕಿಂತ ದೊಡ್ಡ ಹಾರ ಹಾಕಿದ್ದ.

“ಕೀಬೋರ್ಡ್ ಉಳೀತ್ರಿ. ಅದನ್ನ ತಗಿಯೋದು ಬ್ಯಾಡ್ರಿ.”

“ಯಾಕ?”

“ಅದು ಅಕ್ಕಾರು ಕೈ ಆಡಿಸಿದ್ದು.”

“ಶ್ರಾವಣದಿಂದ ನೀ ಅದರ ಮ್ಯಾಲ ಏನೇನು ಬರದಿ?”

“ಏನೂ ಬರದಿಲ್ರಿ.”

“ಮುಟ್ಟೂ ಇಲ್ಲ?”

“ಇಲ್ರಿ. ಮುಟ್ಟಿದ್ರ ಅಕ್ಕಾರ ಬೆರಳಿನ ಗುರುತು ಹೋಗ್ತಾವು. ಹಾಡು ಹಚ್ಚಾಕ ಮೌಸ್ ಒಂದ ಸಾಕಾಗ್ತಿತ್ತು.”

ಹೊರಗೆ ಕಾಯಿ ಒಡೆಯುವ ಸದ್ದು ನಿಂತಿತು.

“ಈಗ ಗಂಟೆ ಎಷ್ಟಾತು?”

“ಹನ್ನೊಂದೂ ಮುಕ್ಕಾಲು.”

“ಬೆರಳಿನ ಗುರುತು ಉಳಸ್ಕೋತಿಯೋ, ಹಾಡು ಉಳಸ್ಕೋತಿಯೋ? ಲಗೂ ಹೇಳಪಾ. ಬಸ್ಸು ಬರೋ ಹೊತ್ತಾತು.”

ಮೌನೇಶ ವೈರಿನ ತುದಿ ಹಿಡಿದ. ಕಣ್ಣು ಮುಚ್ಚಿ ಎಳೆದ.

ಗುಂಡಿ ಒತ್ತಿದ.

ಪೀಂ ಎನ್ನಲಿಲ್ಲ. ಪರದೆ ಕಪ್ಪಾಗಿಯೇ ನಿಂತಿತು. ಅವನು ಎಣಿಸತೊಡಗಿದ. ಇಪ್ಪತ್ತರವರೆಗೆ ಎಣಿಸುವಷ್ಟರಲ್ಲಿ ಹೊಳೆಯ ಮೆಟ್ಟಿಲುಗಳ ಚಿತ್ರ ಮೂಡಿತು. ಹೇಮಕ್ಕ ತಾನೇ ತೆಗೆದು ಇಟ್ಟಿದ್ದ ಚಿತ್ರ, ದಿನಾ ಬರುವ ಚಿತ್ರ.

ಮೌನೇಶ ದೊಪ್ಪನೆ ಕುಸಿದ. ಅಲ್ಲೇ ನೆಲದ ಮೇಲೆ ಕುಳಿತ.

“ಎದ್ದಿತೇನು?”

“ಎದ್ದಿತ್ರಿ, ಅಜ್ಜಾರ! ಎದ್ದಿತ್ರಿ!”

“ಅದು ಎದ್ದು ನೀ ಬಿದ್ದಂಗ ಕಾಣ್ತೈತಲ್ಲ.”

ಅವನು ಕಣ್ಣೊರೆಸಿಕೊಂಡು ಎದ್ದ. ಮೌಸ್ ಸೇರಿಸಿದ, ಸ್ಪೀಕರ್ ಸೇರಿಸಿದ. ಹಾಡುಗಳ ಪಟ್ಟಿ ತೆರೆದು ಕೊನೆಯವರೆಗೂ ನೋಡಿದ. ಮುನ್ನೂರ ಹದಿನಾಲ್ಕೂ ಇದ್ದವು. ಕೈಗೆ ಸಿಕ್ಕಿದ ಒಂದನ್ನು ಒತ್ತಿದ. ಕಿಟಕಿ ತೆರೆದಿರುವುದು ಆ ಗಳಿಗೆಗೆ ಅವನ ನೆನಪಿನಲ್ಲಿ ಇರಲಿಲ್ಲ.

ಮೊದಲು ಒಂದು ಕೆಮ್ಮು. ಆಮೇಲೆ ಹೇಮಕ್ಕನ ದನಿ: “ಹಚ್ಚಿದೇನೋ ಮೌನ್ಯಾ? ಹಚ್ಚಿ ಗೂಟದಂಗ ನಿಂತೀಯಲ್ಲೋ, ಹಚ್ಚೀನಿ ಅಂತ ಬಾಯಿಬಿಟ್ಟು ಹೇಳಬಾರ್ದ?” ಅದರ ಹಿಂದೆಯೇ ಬೀಸುಕಲ್ಲಿನ ಗರಗರ. ಅದರ ಮೇಲೆ ಹಾಡು.

ಮೌನೇಶ ಬೆಚ್ಚಿ ಕಿಟಕಿಯತ್ತ ತಿರುಗಿದ. ಅಜ್ಜಾರ ಕೈಯಲ್ಲಿ ಒಂದು ಕಾಯಿ ಇತ್ತು. ಅವರು ಅದನ್ನು ಒಡೆಯದೆ ಸುಮ್ಮನೆ ಹಿಡಿದು ಕುಳಿತಿದ್ದರು.

ಹಾಡು ಮುಗಿಯಿತು. ಮೌನೇಶ ಕಿಟಕಿ ಮುಚ್ಚಲು ಬಂದ.

“ಇರಲಿ ಬಿಡು,” ಎಂದರು ಅಜ್ಜಾರು. “ಇನ್ನೊಂದು ಹಚ್ಚು. ಸ್ವಲ್ಪ ಜೋರಾಗಿ.”

ಎರಡನೆಯ ಹಾಡು ನಡೆದಿದ್ದಾಗ ಮೌನೇಶ ಕೀಲಿಮಣೆಯನ್ನು ಬಿಸಿಲಿಗೆ ತಂದು ಕಟ್ಟೆಯ ಮೇಲಿಟ್ಟ. ಕಣ್ಣಿಗೆ ಏನೂ ಕಾಣಲಿಲ್ಲ.

“ನಿಮ್ಮಪ್ಪ ಹಲಿಗಿ ಹೆರದ ಮ್ಯಾಲ ಹೆಂಗ ನೋಡ್ತಿದ್ದ?”

“ಅಂಗೈಲೇ ನೋಡ್ತಿದ್ದರ್ರಿ.”

ಅಂದದ್ದೇ ಅವನಿಗೆ ತಿಳಿಯಿತು. ಕಣ್ಣು ಮುಚ್ಚಿ, ಹೇಮಕ್ಕನ ಕೀಲಿಗಳ ಮೇಲೆ ಮೊದಲ ಸಲ ಅಂಗೈ ಆಡಿಸಿದ. ಎಡದಿಂದ ಬಲಕ್ಕೆ, ಮೇಲಿನ ಸಾಲು, ಕೆಳಗಿನ ಸಾಲು. ಬಲಗಡೆಯ ಒಂದು ಕೀಲಿಯ ಹತ್ತಿರ ಕೈ ನಿಂತಿತು. ಅದು ಪಕ್ಕದವುಗಳಿಗಿಂತ ಕೂದಲೆಳೆಯಷ್ಟು ತಗ್ಗಿತ್ತು.

ಡಿಲೀಟ್ ಕೀಲಿ. ಏಳುವ ಹೊತ್ತಿಗೆ ಅದು ಒತ್ತಿಕೊಂಡಿದ್ದರೆ ಯಂತ್ರ ಮುಂದೆ ಹೋಗದೆ ತನ್ನ ನೀಲಿ ಪುಟದಲ್ಲೇ ನಿಲ್ಲುತ್ತದೆಂದು ಹೇಮಕ್ಕ ಯಾವಾಗಲೋ ತೋರಿಸಿದ್ದಳು. ಅದು ಅವನಿಗೆ ಈಗ ನೆನಪಾಯಿತು.

ಬೇವಿನ ಕಡ್ಡಿಯಿಂದ ಮೆಲ್ಲಗೆ ಮೀಟಿದ. ಸಂದಿಯೊಳಗಿಂದ ಹಳದಿಯ ಒಂದು ಅಕ್ಕಿಕಾಳು ಹೊರಬಂತು. ಅರಿಸಿನ ಇನ್ನೂ ಮಾಸಿರಲಿಲ್ಲ.

ಮೌನೇಶ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನಿಂತ.

“ನಾನ ಹಾಕಿದ್ದು. ಪೂಜೆ ಅಕ್ಷತೆ. ಇವತ್ತ ಮುಂಜಾನೆ ಹಾರ ತಗದು, ಕೈ ಹಚ್ಚದ ಬಾಯಿಲೇ ಊದಿದ್ದೆ. ಆವಾಗ ಒಳಗ ತೂರಿರಬೇಕು.”

“ಎಷ್ಟು ಹಾಕಿದ್ದಿ?”

“ಮೂರು ಹಿಡಿ.”

ಅಜ್ಜಾರು ನಕ್ಕರು. ಶ್ರಾವಣದ ನಂತರ ಅವರು ನಕ್ಕದ್ದನ್ನು ಮೌನೇಶ ನೋಡಿದ್ದು ಅದೇ ಮೊದಲು.

“ಹೇಮಿ ಇದ್ದಾಗ ಒಂದು ಹಿಡಿ ಅನ್ನ ಹೆಚ್ಚಿಗಿ ಬಡಸಿದ್ರ ಗಂಗಾಳ ಸರಿಸಿ ಏಳ್ತಿದ್ಲು. ಆಕೀಗೆ ಮೂರು ಹಿಡಿ ಅಕ್ಕಿ!”

ಮೌನೇಶನೂ ನಕ್ಕ. ಒಳಗೆ ಹೋಗಿ ಕೀಲಿಮಣೆ ಸೇರಿಸಿದ, ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದ. ಹೊಳೆಯ ಮೆಟ್ಟಿಲುಗಳು ಮೂಡಿದವು. ಪ್ರಿಂಟರ್, ಪೆಟ್ಟಿಗೆ ಎಲ್ಲ ತಮ್ಮ ತಮ್ಮ ಜಾಗಕ್ಕೆ ಬಂದವು.

“ರಿಪೇರಿಯವಗ ಬರಬ್ಯಾಡ ಅನ್ಲೇನ್ರಿ?”

“ಯಾಕ? ಬರಲಿ. ಹಾಡೆಲ್ಲಾ ಇನ್ನೊಂದು ಕಡೆ ಇಳಿಸಿಕೊಡಲಿ, ಉಂಡು ಹೋಗಲಿ. ಈ ಕೆಲಸಾ ಅಂತೂ ನಾಳೆ ಅನ್ನೋದು ಬ್ಯಾಡ.”

ಅಜ್ಜಾರು ಮಡಿಲಿನ ಸಿಪ್ಪೆ ಕೊಡವಿ ಎದ್ದರು. ಹೊಸ್ತಿಲ ಬಳಿ ಒಂದು ಗಳಿಗೆ ನಿಂತು, ಆಮೇಲೆ ಕೋಣೆಯೊಳಗೆ ಬಂದರು. ಹೇಮಕ್ಕನ ನೋಟ್‌ಬುಕ್ ಎತ್ತಿಕೊಂಡು, ಧೂಳು ಒರೆಸಿ, ಮೌನೇಶನ ಮುಂದೆ ತೆರೆದಿಟ್ಟರು.

ಮೌನೇಶ ಕುಳಿತ. ಸವೆದ ಕೀಲಿಯ ಮೇಲೆ ಬೆರಳಿಟ್ಟ. ಅದು ನುಣುಪಾಗಿತ್ತು. ಒತ್ತಿದ. ಪರದೆಯ ಮೇಲೆ ಅಕ್ಷರ ಮೂಡಿತು. ಮತ್ತೊಂದು ಮೂಡಿತು. ಹಾಡಿನ ಮೊದಲ ಸಾಲು ಮುಗಿಯುವಾಗ ಬೆರಳುಗಳ ಅಳುಕು ಹೋಗಿತ್ತು.

ಆಗ ಅವನಿಗೆ ಕಾಳು ನೆನಪಾಯಿತು. ಅದನ್ನು ಕಿಟಕಿಯ ಅಂಚಿನಲ್ಲಿ ಜೋಪಾನವಾಗಿ ಇಟ್ಟಿದ್ದ.

“ಅಜ್ಜಾರ, ಈ ಕಾಳು ಏನು ಮಾಡ್ಲ್ರಿ? ಪೂಜೇದು, ಚೆಲ್ಲಾಕ ಮನಸು ಬರವಲ್ದು. ಅಕ್ಕಾರ ನೋಟ್‌ಬುಕ್ಕಿನ್ಯಾಗ ಇಟ್ಟುಬಿಡ್ಲೇನ್ರಿ?”

ಹೊರಗೆ ಕಟ್ಟೆಯ ಮೇಲೆ ಒಂದು ಗುಬ್ಬಿ ಶೇಂಗಾ ಸಿಪ್ಪೆಗಳನ್ನು ಕೆದಕುತ್ತಿತ್ತು.

“ಗುಬ್ಬಿಗೆ ಹಾಕು,” ಎಂದರು ಅಜ್ಜಾರು. “ಹೊಟ್ಟಿಗೆ ಹೋದ ಕಾಳು ಯಾರ ದಾರೀನೂ ಕಟ್ಟಂಗಿಲ್ಲ.”