ಖಾಲಿ ಮಣೆ

ಹೊಳೆಯ ದಡದಲ್ಲಿ ಒಂದು ವಿದ್ವತ್ಸಭೆ. ಅಲ್ಲಿ ಪಂಡಿತರಿಗೆಲ್ಲ ಒಂದೊಂದು ಮಣೆ. ಒಬ್ಬರ ಮಣೆಯ ಮೇಲೆ ಇನ್ನೊಬ್ಬರು ಕೂರುವಂತಿಲ್ಲ. ಒಂದು ಮಣೆ ಖಾಲಿ ಇದ್ದರೂ ಸಭೆ ಶುರುವಾಗುವಂತಿಲ್ಲ. ಇದು ಅಲ್ಲಿಯ ಕಟ್ಟಳೆ.

ಪಾಠ ಹೇಳುವವರಲ್ಲಿ ಮಣೆ ಇಲ್ಲದವರೂ ಇದ್ದರು. ಮಳೆಗಾಲ ಬಂದರೆ ಅವರನ್ನು ಕರೆಯುತ್ತಿದ್ದರು, ಹೊಳೆ ಇಳಿದರೆ ಇನ್ನು ಹೊರಡಿ ಅನ್ನುತ್ತಿದ್ದರು. ಸಭೆಯಲ್ಲಿ ಅವರು ಹಿಂದೆ, ಕಂಬಗಳ ಪಕ್ಕ ನಿಲ್ಲಬೇಕು. ವಿದ್ಯೆಯಲ್ಲಿ ಯಾರಿಗೇನು ಕಡಿಮೆ ಅಂತ ಕೇಳಬೇಡಿ, ಕೇಳಿದರೆ ಮಣೆಯವರಿಗೇ ಮುಜುಗರ.

ಆ ವರ್ಷ ಸಭೆಗೆ ಏನನ್ನಿಸಿತೋ, ನಿಂತವರ ಪರವಾಗಿ ಮಾತಾಡಲು ಒಬ್ಬನಿಗೆ ಮಣೆ ಕೊಟ್ಟರು. ನಿಂತವರು ತಮ್ಮಲ್ಲೊಬ್ಬನಾದ ಬಾಚರಸನನ್ನು ಆರಿಸಿದರು. ಅವರು ಬೇಡಿದ್ದು ಒಂದೇ: ಉಳಿಯಬೇಕೋ ಹೋಗಬೇಕೋ, ಹೊಳೆ ಇಳಿಯುವ ಮುಂಚೆ ಹೇಳಿಬಿಡಿ.

ಬಾಚರಸನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗುರುಗಳಾದ ಅಜ್ಜಯ್ಯನವರ ಬಳಿಗೆ ಓಡಿ, ಹಲಸಿನ ಮಣೆ, ಅಧ್ಯಕ್ಷರ ಪಕ್ಕದಲ್ಲೇ ಹಾಕಿದ್ದಾರೆ ಅಂದ.

ಅಜ್ಜಯ್ಯ ನೀರನ್ನೇ ನೋಡುತ್ತಿದ್ದರು.

ಸಭೆಯಲ್ಲಿ ಬಾಚರಸ ಸೊಗಸಾಗಿ ಮಾತಾಡಿದ. ಎಲ್ಲರೂ ತಲೆದೂಗಿದರು. ಅಧ್ಯಕ್ಷರು ಬೆನ್ನು ತಟ್ಟಿ, ಮುಂದಿನ ವರ್ಷ ನೋಡೋಣ ಅಂತ ಮೂಗಿಗೆ ತುಪ್ಪ ಸವರಿದರು. ಬಾಚರಸ ಎದ್ದು ತಿರುಗಿ ನೋಡಿದರೆ ಕಂಬಗಳ ಪಕ್ಕ ಯಾರೂ ಇರಲಿಲ್ಲ. ಯಾವಾಗ ಹೋದರೋ ಅವನಿಗೆ ಗೊತ್ತೇ ಆಗಿರಲಿಲ್ಲ.

ಸಂಜೆ ಹೊಳೆಯ ಮೇಲೆ ಮಂಜು ಇಳಿದಿತ್ತು. ಆಚೆ ದಡ ಇದೆಯೋ ಇಲ್ಲವೋ ಅನ್ನುವ ಹಾಗೆ. ಮಾತಿನಲ್ಲಿ ಎಲ್ಲಿ ತಪ್ಪಿದೆ ಅಂತ ಅವನು ಗುರುಗಳನ್ನು ಕೇಳಿದ.

ಅಜ್ಜಯ್ಯ ಒಂದು ಬಂಡೆ ತೋರಿಸಿ, ಹೊಳೆಗೆ ಬೆನ್ನು ಮಾಡಿ ಕೂತುಕೋ ಅಂದರು. ಅವನು ಕೂತ. ಹಿಂದೆ ದೋಣಿಯ ಹುಟ್ಟಿನ ಸಪ್ಪಳ ಕನಸಿನಲ್ಲಿ ಕೇಳಿದಂತೆ ಕೇಳುತ್ತಿತ್ತು.

"ದೋಣಿಯಲ್ಲಿ ಯಾರು ಹೋಗುತ್ತಿದ್ದಾರೆ ಮಗಾ?"

"ಇಲ್ಲಿ ಕೂತರೆ ಹೇಗೆ ಕಾಣುತ್ತದೆ ಅಜ್ಜಯ್ಯ?"

"ಹೌದಲ್ಲ," ಅಂದರು ಅಜ್ಜಯ್ಯ.

ಬಾಚರಸ ದಡಕ್ಕನೆ ಎದ್ದು ತಿರುಗಿದ. ಮಂಜಿನಲ್ಲಿ ಕರಗುತ್ತಿದ್ದ ದೋಣಿಯಲ್ಲಿ ಸಿಂಗಯ್ಯ ಇದ್ದ. ಒಂದೇ ಬೇವಿನ ಮರದಡಿ ಇವನ ಜೊತೆ ಪಾಠ ಹೇಳಿದವನು. ತುಂಬು ಬಸುರಿ ಹೆಂಡತಿಯನ್ನು ಕರೆದುಕೊಂಡು ಬೇರೆ ಊರು ಹುಡುಕಿ ಹೊರಟಿದ್ದ. ಬಾಚರಸ ನೀರಿನ ಅಂಚಿಗೆ ಓಡಿದ. ಹೆಸರು ಹಿಡಿದು ಕೂಗಿದ. ಸಿಂಗಯ್ಯ ಕೈಯೆತ್ತಿದ, ಅಷ್ಟೆ.

"ಆ ಮಣೆ ನನಗೆ ಬೇಡ. ಬಿಟ್ಟುಬಿಡುತ್ತೇನೆ," ಅಂದ ಬಾಚರಸ.

"ಬಿಡಬೇಡ. ಕೂರಲೂ ಬೇಡ."

ಮರುದಿನ ಬಾಚರಸ ಹೋಗಿ ಕಂಬದ ಪಕ್ಕ, ಇನ್ನೂ ಊರು ಬಿಡದೆ ಉಳಿದಿದ್ದ ತನ್ನವರ ನಡುವೆ ನಿಂತ. ಮುಂದೆ ಹಲಸಿನ ಮಣೆ ಖಾಲಿ ಇತ್ತು. ಪಂಡಿತರು ಕಾದರು, ಕೆಮ್ಮಿದರು, ಒಬ್ಬರ ಮುಖ ಒಬ್ಬರು ನೋಡಿದರು. ಸಭೆ ಶುರುವಾಗಲೇ ಇಲ್ಲ. ಬಿಸಿಲು ಏರಿತು.

ಕೊನೆಗೆ ಅಧ್ಯಕ್ಷರೇ ಎದ್ದು, ಶಲ್ಯ ಸರಿಮಾಡಿಕೊಳ್ಳುತ್ತಾ ಹೊಳೆಯ ದಡದಲ್ಲಿ ಕೂತಿದ್ದ ಅಜ್ಜಯ್ಯನವರ ಬಳಿಗೆ ಬಂದರು. ಬಾಚರಸನೂ ಹಿಂದೆಯೇ ಬಂದ.

"ನಿಮ್ಮ ಶಿಷ್ಯ ಕೂರುತ್ತಿಲ್ಲ, ಸ್ವಾಮಿ. ಒಂದು ಮಾತೂ ಆಡುತ್ತಿಲ್ಲ. ನೀವಾದರೂ ಬುದ್ಧಿ ಹೇಳಿ."

ಅಜ್ಜಯ್ಯ ಬಂಡೆಯ ಮೇಲೆ ಸರಿದು, ಅವರಿಗೆ ಹೊಳೆ ಕಾಣುವಂತೆ ಜಾಗ ಮಾಡಿಕೊಟ್ಟರು.

"ನಿನ್ನೆ ಕೂತು ಅಷ್ಟು ಹೊತ್ತು ಮಾತಾಡಿದ, ನೀವು ಮಣೆ ಬಿಟ್ಟು ಏಳಲಿಲ್ಲ. ಇವತ್ತು ಬಾಯೇ ಬಿಡದೆ ನಿಂತ, ಇಲ್ಲಿವರೆಗೆ ನಡೆದು ಬಂದಿರಲ್ಲ."