ಮಡಿವಾಳಯ್ಯ ತಂದ ಪ್ರಶ್ನೆ

ನದಿಯ ದಂಡೆಯ ಮೇಲೊಂದು ಮಠ. ಅಲ್ಲಿ ಮಕ್ಕಳಿಗೆ ಮಗ್ಗಿ ಕಲಿಸುವ ಮಡಿವಾಳಯ್ಯ ಆ ಬೆಳಗ್ಗೆ ಕೆಂಡಾಮಂಡಲವಾಗಿದ್ದ.

ಕಾರಣ ಹೇಳಬೇಕು, ಇಲ್ಲದಿದ್ದರೆ ಅವನ ಸಿಟ್ಟು ಅರ್ಥವಾಗದು. ನೀಲವ್ವ ಎಂಬ ಎಂಟು ವರ್ಷದ ಹುಡುಗಿ ಆರು ತಿಂಗಳಾದರೂ ಒಂದು ಮಗ್ಗಿಯನ್ನೂ ಒಪ್ಪಿಸಿರಲಿಲ್ಲ. ಅವಳನ್ನು ಕರೆದೊಯ್ಯುವಂತೆ ಅಪ್ಪ ಫಕೀರಪ್ಪನಿಗೆ ಇವನೇ ಹೇಳಿಕಳಿಸಿದ್ದ. ಅಪ್ಪ ಬಂದು ಅಂಗಳದಲ್ಲಿ ಕೂತಿದ್ದ.

ಆದರೆ ಆ ಮಠದಲ್ಲೊಂದು ಕಟ್ಟಳೆಯಿತ್ತು. ಮಗುವನ್ನು ಮನೆಗೆ ಕಳಿಸುವ ಮುನ್ನ, ಕಲಿಸಿದವನು ತನ್ನ ಪಾಠದ ಬಗ್ಗೆ ಒಂದು ಪ್ರಶ್ನೆ ಹುಡುಕಿ ಗುರುಗಳ ಮುಂದಿಡಬೇಕು. ಅದಕ್ಕೆ ಉತ್ತರ ಸಿಗುವವರೆಗೆ ಮಗು ಮಠದಲ್ಲೇ ಇರಬೇಕು. ಕಲಿಸುವವನು ತನ್ನನ್ನು ತಾನು ನೋಡಿಕೊಳ್ಳಲಿ ಎಂದು ಮಾಡಿದ ಕಟ್ಟಳೆ ಅದು. ಮಡಿವಾಳಯ್ಯನಿಗೆ ಅದೊಂದು ಕಾಟ.

ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅವರು ಕಟ್ಟೆಯ ಮೇಲೆ ಕೂತು ಬೇಳೆ ಆರಿಸುತ್ತಿದ್ದರು.

“ಪ್ರಶ್ನೆ ತಂದೀಯೇನು?”

“ತಂದೀನ್ರಿ ಅಜ್ಜಾರ. ಈ ಹುಡುಗಿಗೆ ತಲಿ ಯಾಕ ಓಡೂದಿಲ್ಲ?”

“ಅದು ಬೈಗುಳ. ಪ್ರಶ್ನೆ ತಾ.”

ಮಡಿವಾಳಯ್ಯ ಹಲ್ಲು ಕಚ್ಚಿದ. “ಇನ್ನೂ ಜೋರಾಗಿ ಗದರಿಸಿದ್ರ ಕಲೀತಾಳ ಅಲ್ರಿ?”

“ಉತ್ತರ ಮೊದಲ ಕಟಗೊಂಡು ಬಂದೀ. ನನ್ನನ್ನೇನು ಗೋಣು ಹಾಕಾಕ ಕೂಡಿಸೀಯೇನು?”

“ಆತು! ಲೋಕದಾಗ ಮಕ್ಕಳು ಕಲಿಯೂದಾದರೂ ಹೆಂಗ್ರಿ?”

“ಲೋಕದ ಮಕ್ಕಳೆಲ್ಲಾ ನಿನ್ನ ಕೋಣ್ಯಾಗ ಅದಾವೇನೋ? ನಿನ್ನ ಮುಂದ ಕೂಡೂದು ಹನ್ನೊಂದು ಹುಡುಗರು. ಅದರಾಗ ಏನು ಕಂಡೀ, ಅದನ್ನ ಹೇಳು.”

ಅಂಗಳದಿಂದ ಫಕೀರಪ್ಪ ಅಳುಕುತ್ತ ಅಂದ: “ನಾ ಕರಕೊಂಡು ಹೊಕ್ಕೀನ್ರಿ ಅಜ್ಜಾರ. ಮಾಸ್ತರು ದಡ್ಡಿ ಅಂದ್ರ ದಡ್ಡೀನ ಇರಬೇಕು.”

ಅಜ್ಜಾರ ಮುಖ ಕೆಂಪಾಯಿತು. ಮೊರ ಕೆಳಗಿಟ್ಟರು.

“ಮಡಿವಾಳಯ್ಯ, ಏಳೆಂಟ್ಲೆ ಎಷ್ಟು?”

ಅವನು ಬಾಯಿ ತೆರೆಯುವಷ್ಟರಲ್ಲಿ ಅವರೇ ಅಂದರು: “ಐವತ್ತಾರು. ಹನ್ನೆರಡೊಂಬತ್ಲೆ?”

“ನೂರಾ...”

“ನೂರೆಂಟು. ಹದಿಮೂರೇಳ್ಲೆ? ತೊಂಬತ್ತೊಂದು. ನೋಡೋ ಫಕೀರಪ್ಪ, ನಿನ್ನ ಮಗಳ ಮಾಸ್ತರಗ ಒಂದು ಮಗ್ಗೀನೂ ಬರೂದಿಲ್ಲ!”

“ಬರ್ತದ!” ಮಡಿವಾಳಯ್ಯ ಕಿರುಚಿದ. “ನೀವು ಹೇಳಾಕ ಬಿಟ್ಟರ ಅಲ್ಲೇನ್ರಿ?”

ಅಂದ ಮಾತು ಅವನಿಗೇ ತಗುಲಿತು. ದಿನವೂ ಅವನು ನೀಲವ್ವನಿಗೆ ಮಾಡುತ್ತಿದ್ದುದು ಇದನ್ನೇ. ಕೇಳುತ್ತಿದ್ದ; ಅವಳ ತುಟಿ ಅಲುಗುವ ಮೊದಲೇ ಉತ್ತರ ತಾನೇ ಹೇಳಿ ಪಕ್ಕದವನತ್ತ ತಿರುಗುತ್ತಿದ್ದ.

ಸಿಟ್ಟು ಇಳಿಯಲಿಲ್ಲ. ಆದರೆ ಅದೀಗ ಹುಡುಗಿಯ ಮೇಲಿರಲಿಲ್ಲ.

“ಕೇಳಿದ ಮ್ಯಾಲೆ ನಾ ಎಷ್ಟೊತ್ತು ಸುಮ್ಮನಿದ್ರ ನೀಲವ್ವ ಬಾಯಿ ಬಿಡ್ತಾಳ?” ಒರಟಾಗಿಯೇ ಕೇಳಿದ.

“ಎಷ್ಟೊತ್ತು?”

“ನನಗೇನು ಗೊತ್ತ್ರಿ! ಕಾದು ನೋಡಬೇಕು. ದಿನಾ ಬರದಿಡಬೇಕು.”

ಅಜ್ಜಾರು ಅಂಗಳದತ್ತ ತಿರುಗಿದರು.

“ಫಕೀರಪ್ಪ, ಉಂಡು ಊರಿಗೆ ಹೋಗು. ನಿನ್ನ ಮಗಳು ಇಲ್ಲೇ ಇರಲಿ. ಆಕಿ ಮಾಸ್ತರ ಇವತ್ತ ಸಾಲಿಗೆ ಸೇರ್ಯಾನ.”